ಕಡಲ ಕರೆಯ ಊರಿಗೆ ಒಳಚರಂಡಿ: ಬಾವಿ, ಅಳಿವೆ ಕೆಡದ ಹಾಗೆ ಕಟ್ಟುವುದು ಹೇಗೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ಗ್ರಾಮಸಭೆಯಲ್ಲಿ ‘ಒಳಚರಂಡಿ’ ಎಂಬ ಮಾತು ಬಂತೋ, ಊರು ಎರಡು ಗುಂಪಾಗುತ್ತದೆ. ಒಬ್ಬರಿಗೆ ನಾಳೆಯೇ ಪೈಪ್ ಬರಬೇಕು. ಇನ್ನೊಬ್ಬರಿಗೆ ತಮ್ಮ ಪಾಗಾರದ ಹತ್ತಿರ ಏನೂ ಬರಬಾರದು. ಆದರೆ ಇಬ್ಬರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಕಡಲಂಚಿನ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಘಟ್ಟದ ಮೇಲಿನ ಊರುಗಳಿಗೆ ಇದರಲ್ಲಿ ಅರ್ಧ ಹೊಂದುವುದಿಲ್ಲ.

ಎಲ್ಲರ ಮನೆಯಲ್ಲೂ ಸೆಪ್ಟಿಕ್ ಟ್ಯಾಂಕ್ ಇದೆ. ಮತ್ತೆ ಒಳಚರಂಡಿ ಯಾಕೆ?

ಮೊದಲು ನೋಡಬೇಕಾದ್ದು, ನಿಮ್ಮಲ್ಲಿ ಇರುವುದು ನಿಜವಾಗಿಯೂ ಸೆಪ್ಟಿಕ್ ಟ್ಯಾಂಕೇ? ಸಿಮೆಂಟ್ ರಿಂಗ್ ಇಳಿಸಿ, ತಳಕ್ಕೆ ಏನೂ ಹಾಕದೆ, ಮೇಲೆ ಸ್ಲ್ಯಾಬ್ ಮುಚ್ಚಿದರೆ ಅದು ಗುಂಡಿ, ಟ್ಯಾಂಕ್ ಅಲ್ಲ. ‘ನಮ್ಮ ಟ್ಯಾಂಕ್ ಹದಿನೈದು ವರ್ಷದಿಂದ ತುಂಬೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವವರು ಸಿಗುತ್ತಾರೆ. ತುಂಬಿಲ್ಲ ಎಂದರೆ ಸೋರುತ್ತಿದೆ ಎಂದೇ ಅರ್ಥ.

ಸರಿಯಾಗಿ ಕಟ್ಟಿದ ಟ್ಯಾಂಕ್ ಕೂಡ ಗಟ್ಟಿ ಭಾಗವನ್ನಷ್ಟೇ ಹಿಡಿದಿಡುತ್ತದೆ. ಹೊರಗೆ ಬರುವ ನೀರಿನಲ್ಲಿ ರೋಗಾಣು, ಸಾರಜನಕ ಎರಡೂ ಇರುತ್ತವೆ. ಆ ನೀರನ್ನು ಶುದ್ಧ ಮಾಡಬೇಕಾದ್ದು ಇಂಗುಗುಂಡಿಯ ಸುತ್ತಲಿನ ಒಣ ಮಣ್ಣು. ಅದಕ್ಕೇ ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ, ಐಎಸ್ 2470, ಇಂಗುಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಲಿ ಎನ್ನುತ್ತದೆ. ಅಂತರ್ಜಲ 1.8 ಮೀಟರಿಗಿಂತ ಕೆಳಗಿರಬೇಕು ಎಂಬ ಮಾತೂ ಇದೆ. ನಮ್ಮಲ್ಲಿ ಮೂರು ಗುಂಟೆ ಜಾಗದಲ್ಲಿ ಮನೆ, ಬಾವಿ, ತೆಂಗು, ಗುಂಡಿ ಎಲ್ಲ ಆಗಬೇಕು. 60 ಅಡಿ ದೂರ ಹೋದರೆ ಪಕ್ಕದ ಮನೆಯ ಬಾವಿ ಸಿಗುತ್ತದೆ! ಆಷಾಢದಲ್ಲಂತೂ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಆಗ ಒಣ ಮಣ್ಣು ಎಲ್ಲಿಂದ ಬರಬೇಕು? ಗುಂಡಿಯ ನೀರೂ ಬಾವಿಯ ನೀರೂ ಒಂದೇ ನೀರು.

ಮುರಕಲ್ಲಿನ (ಜಂಬಿಟ್ಟಿಗೆಯ) ಜಾಗದಲ್ಲಿ ಇನ್ನೊಂದು ತರಲೆ. ಆ ಕಲ್ಲಿನೊಳಗೆ ತೂತು, ಬಿರುಕು, ಕೆಲವು ಕಡೆ ಸುರಂಗದಂಥ ದಾರಿ ಇರುತ್ತವೆ. ಅಲ್ಲಿ ನೀರು ಸೋಸುವುದಿಲ್ಲ, ಸೀದಾ ಓಡುತ್ತದೆ. ಅಂಥಲ್ಲಿ 18 ಮೀಟರ್ ಎಂಬ ಲೆಕ್ಕವನ್ನೂ ನಂಬಿ ಕೂರುವ ಹಾಗಿಲ್ಲ.

ಅನುಮಾನ ಇದ್ದರೆ ಬಾವಿ ನೀರನ್ನು ಮಳೆಗಾಲದಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ದಾಟಬಾರದು. 100 ಮಿ.ಲೀ. ನೀರಿನಲ್ಲಿ ಇ-ಕೋಲೈ ಒಂದೂ ಇರಬಾರದು.

ಪೇಟೆಯಲ್ಲಿರುವಂಥ ಯುಜಿಡಿಯನ್ನೇ (ನೆಲದಡಿಯ ದೊಡ್ಡ ಪೈಪಿನ ಒಳಚರಂಡಿ) ಇಲ್ಲಿಗೂ ತಂದರೆ ಆಗದೇ?

ಆಗುತ್ತದೆ. ಆದರೆ ಅದು ಊರನ್ನು ಅಗೆದು ಹಾಕುತ್ತದೆ.

ಪೇಟೆಯ ಯುಜಿಡಿಯಲ್ಲಿ ಮಲ, ನೀರು ಎಲ್ಲ ಒಟ್ಟಿಗೆ ಹರಿಯಬೇಕು. ಗಟ್ಟಿ ಭಾಗ ನಡುವೆ ಕೂರಬಾರದು ಎಂದರೆ ಪೈಪಿಗೆ ಒಂದೇ ಸಮ ಇಳಿಜಾರು ಬೇಕು. ಆರಂಗುಲದ ಪೈಪಾದರೆ ಸುಮಾರು 150 ಮೀಟರ್ ದೂರಕ್ಕೆ ಒಂದು ಮೀಟರ್ ಇಳಿಯಬೇಕು ಎಂದಿಟ್ಟುಕೊಳ್ಳಿ. ನಮ್ಮ ಹೊಯಿಗೆ (ಮರಳು) ನೆಲ ಚಾಪೆಯ ಹಾಗೆ ಸಪಾಟು. 600 ಮೀಟರ್ ಹೋಗುವಷ್ಟರಲ್ಲಿ ಪೈಪ್ ಶುರುವಾದ ಆಳಕ್ಕಿಂತ ನಾಲ್ಕು ಮೀಟರ್ ಕೆಳಗೆ! ನೀರು ಸಿಗುವುದು ಐದಾರು ಅಡಿಗೇ. ಅಂದರೆ ಕಾಲುವೆ ಅಗೆಯುವಷ್ಟು ದಿನವೂ ಪಂಪ್ ಹಚ್ಚಿ ನೀರೆತ್ತಬೇಕು. ಹೊಯಿಗೆ ಕುಸಿಯದ ಹಾಗೆ ಎರಡೂ ಬದಿಗೆ ತಗಡು ಇಳಿಸಬೇಕು. ಪಕ್ಕದ ಹಳೇ ಗೋಡೆ ಬಿರುಕು ಬಿಡುತ್ತದೆ. ಕೊನೆಗೆ ಆಳದಿಂದ ಕೊಳಚೆಯನ್ನು ಮೇಲೆತ್ತಲು ವೆಟ್‌ವೆಲ್ ಎಂಬ ಆಳದ ತೊಟ್ಟಿ, ಅದಕ್ಕೆ ಮೋಟಾರು, ಮೋಟಾರಿಗೆ ಕರೆಂಟು.

ಪೈಪ್ ಹಾಕಿದ ಮೇಲೂ ಕತೆ ಮುಗಿಯುವುದಿಲ್ಲ. ನೀರಿನೊಳಗೇ ಕೂತ ಪೈಪಿನ ಒಂದು ಜಾಯಿಂಟ್ ಸಡಿಲವಾದರೂ ಉಪ್ಪುನೀರು ಒಳಗೆ ಬರುತ್ತದೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಜಾಸ್ತಿ, ಲೀಟರಿಗೆ ಸುಮಾರು 2.7 ಗ್ರಾಂ. ಗಾಳಿಯಿಲ್ಲದ ಪೈಪಿನಲ್ಲಿ ಅದು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಆ ಅನಿಲ ಚೇಂಬರಿನ ಮೇಲ್ಭಾಗದಲ್ಲಿ ಆಮ್ಲವಾಗಿ ಸಿಮೆಂಟನ್ನು ತಿನ್ನುತ್ತದೆ. ಒಳಗೆ ಇಳಿದ ಮನುಷ್ಯನನ್ನು ಕೊಲ್ಲುವುದೂ ಅದೇ.

ಪಂಪ್ ಹಚ್ಚಿ ನೀರೆತ್ತಿದರೆ ನಮ್ಮ ಬಾವಿ ಉಪ್ಪಾಗುತ್ತದಂತೆ. ಇದು ನಿಜವೇ?

ನಿಜ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಕಡಲಂಚಿನ ಹೊಯಿಗೆಯೊಳಗೆ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ಕೂತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿ ಆಳದವರೆಗೆ ಸಿಹಿನೀರು ಇರುತ್ತದೆ ಎಂಬುದು ಭೂಜಲ ಶಾಸ್ತ್ರದ ಹಳೇ ಲೆಕ್ಕ. ಅದನ್ನೇ ತಿರುಗಿಸಿ ನೋಡಿ. ಮೇಲಿನ ಮಟ್ಟ ಒಂದು ಅಡಿ ಇಳಿದು ಹಾಗೇ ನಿಂತರೆ, ಕೆಳಗಿನಿಂದ ಉಪ್ಪುನೀರು 40 ಅಡಿ ಮೇಲೇರಲು ಹವಣಿಸುತ್ತದೆ. ಒಂದೇ ದಿನದಲ್ಲಿ ಆಗುವುದಿಲ್ಲ. ಆದರೆ ಮಾರ್ಚ್-ಏಪ್ರಿಲ್‌ನಲ್ಲಿ ವಾರಗಟ್ಟಲೆ ಪಂಪ್ ಓಡಿಸಿದರೆ ಹತ್ತಿರದ ಬಾವಿಗಳಿಗೆ ಬಿಸಿ ತಟ್ಟುತ್ತದೆ. ಒಮ್ಮೆ ಉಪ್ಪು ಹತ್ತಿದ ಬಾವಿ ಸರಿಯಾಗಲು ಒಂದೆರಡು ಮಳೆಗಾಲವಾದರೂ ಬೇಕಾಗಬಹುದು.

ಕಡಿಮೆ ಮಾಡಲು ದಾರಿ ಇದೆ. ಆಳ ಕಡಿಮೆ ಇಡುವುದು ಮೊದಲನೆಯದು. ಒಂದು ಸಲಕ್ಕೆ ಇಪ್ಪತ್ತು-ಮೂವತ್ತು ಮೀಟರ್ ಮಾತ್ರ ಅಗೆದು, ಪೈಪ್ ಕೂರಿಸಿ, ಅದೇ ದಿನ ಮುಚ್ಚಬೇಕು. ಎತ್ತಿದ ನೀರನ್ನು ಗಟಾರಕ್ಕೆ ಬಿಡದೆ, ಕೆಸರು ತಂಗಿಸಿ, ಸ್ವಲ್ಪ ದೂರದ ಹೊಯಿಗೆಯಲ್ಲೇ ಮತ್ತೆ ಇಂಗಿಸಬೇಕು. ಕೆಲಸ ಶುರುವಾಗುವ ಮೊದಲೇ ಸುತ್ತಲಿನ ಬಾವಿಗಳ ನೀರಿನ ಮಟ್ಟ, ಉಪ್ಪಿನ ಅಂಶ ಅಳೆದು ಬರೆದಿಡಬೇಕು. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ. ಆಮೇಲೆ ಬಾವಿ ಉಪ್ಪಾದಾಗ ‘ಮೊದಲೇ ಹಾಗಿತ್ತು’ ಎಂಬ ಉತ್ತರ ಸಿಗುತ್ತದೆ. ನಮ್ಮ ಕೇರಿಯಲ್ಲಿ ಬೇರೆ ಯಾವುದೋ ಕಾಮಗಾರಿಯಲ್ಲಿ ನಾನೇ ಈ ಉತ್ತರ ಕೇಳಿದ್ದೇನೆ. ತೋರಿಸಲು ಕೈಯಲ್ಲಿ ಕಾಗದ ಇರಲಿಲ್ಲ.

ಇನ್ನೊಂದು ವಿಷಯ ಯೋಜನೆಯ ಕಾಗದದಲ್ಲಿ ಕಾಣುವುದೇ ಇಲ್ಲ. ಈಗ ಬಚ್ಚಲು ನೀರು ಅಂಗಳದಲ್ಲೇ ಇಂಗುತ್ತದೆ. ಅದನ್ನೆಲ್ಲ ಪೈಪಿನಲ್ಲಿ ಹಿಡಿದು ಸಮುದ್ರಕ್ಕೆ ಕಳಿಸಿದರೆ, ಬೇಸಿಗೆಯಲ್ಲಿ ಆ ಸಿಹಿನೀರಿನ ಪದರಕ್ಕೆ ಬರುತ್ತಿದ್ದ ನೀರೂ ನಿಲ್ಲುತ್ತದೆ. ಕೊಳಕು ಹೋಗಬೇಕು, ನೀರು ಊರಲ್ಲೇ ಉಳಿಯಬೇಕು. ನನ್ನ ಮಟ್ಟಿಗೆ ಇಡೀ ಯೋಜನೆಯನ್ನು ಅಳೆಯಬೇಕಾದ್ದು ಈ ಒಂದು ಮಾತಿನಿಂದ.

ಹಾಗಾದರೆ ಏನು ಕಟ್ಟಬೇಕು?

ಇಡೀ ಊರಿಗೆ ಒಂದೇ ಉತ್ತರ ಹುಡುಕಬೇಡಿ. ಕೇರಿ ಕೇರಿಗೂ ಬೇರೆ.

ಮನೆಗಳು ದೂರ ದೂರ ಇರುವ ಕಡೆ, ಮಳೆಗಾಲದಲ್ಲೂ ಗುಂಡಿಯ ತಳಕ್ಕಿಂತ ಎರಡು ಮೀಟರ್ ಕೆಳಗೆ ನೀರು ಇರುವಲ್ಲಿ, ಎರಡು ಗುಂಡಿಯ ಶೌಚಾಲಯವೇ ಸಾಕು. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸುವುದು, ಮೊದಲಿನದನ್ನು ಎರಡು ವರ್ಷ ಹಾಗೇ ಬಿಡುವುದು. ಪೈಪ್ ಬೇಡ, ಕರೆಂಟ್ ಬೇಡ. ಮುರಕಲ್ಲಾದರೆ ಗುಂಡಿಯ ಸುತ್ತ ಅರ್ಧ ಮೀಟರ್ ದಪ್ಪ ಹೊಯಿಗೆ ತುಂಬಿ, ತಳಕ್ಕೆ ಕಾಂಕ್ರೀಟ್ ಹಾಕಿ.

ಮನೆಗಳು ಒತ್ತೊತ್ತಾಗಿರುವ ಕಡಲಂಚಿನ ಕೇರಿಗೆ ನಾನು ಹೇಳುವುದು ಸಣ್ಣ ಪೈಪಿನ ವ್ಯವಸ್ಥೆ. ಪ್ರತಿ ಮನೆಗೆ, ಅಥವಾ ನಾಲ್ಕೈದು ಮನೆಗೆ ಒಂದರಂತೆ, ಸೋರದ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಗಟ್ಟಿ ಭಾಗ ಅಲ್ಲೇ ಉಳಿಯುತ್ತದೆ. ನೀರು ಮಾತ್ರ ನಾಲ್ಕಂಗುಲದ ಪೈಪಿನಲ್ಲಿ ಮುಂದೆ ಹೋಗುತ್ತದೆ. ಬರೀ ನೀರಾದ್ದರಿಂದ ಇಳಿಜಾರು ಕಡಿಮೆ ಇದ್ದರೂ ನಡೆಯುತ್ತದೆ. ನೆಲದ ಏರಿಳಿತಕ್ಕೆ ತಕ್ಕ ಹಾಗೆ, ಆಳಕ್ಕೆ ಹೋಗದೆ ಪೈಪ್ ಎಳೆಯಬಹುದು. ದೊಡ್ಡ ಮ್ಯಾನ್‌ಹೋಲ್ ಬೇಡ. ಜೆಸಿಬಿ ಬದಲು ಗುದ್ದಲಿ ಸಾಕಾಗುವ ಜಾಗಗಳೇ ಜಾಸ್ತಿ.

ಕೊನೆಯಲ್ಲಿ ಕೇರಿಗೊಂದು ಸಣ್ಣ ಘಟಕ. ಡೀವಾಟ್ಸ್ ಎಂದು ಕರೆಯುವ ಮಾದರಿಯಲ್ಲಿ ನೀರು ಮೊದಲು ತಂಗುತೊಟ್ಟಿಗೆ ಬರುತ್ತದೆ. ಅಲ್ಲಿಂದ ಅಡ್ಡಗೋಡೆಗಳಿರುವ ತೊಟ್ಟಿಯಲ್ಲಿ ಕೆಳಗೆ ಮೇಲೆ ಹಾಯುತ್ತದೆ. ಆಮೇಲೆ ಜಲ್ಲಿ ತುಂಬಿದ ಪಾತಿ. ಅದರಲ್ಲಿ ಕಾಬಾಳೆ, ಜೊಂಡು ಬೆಳೆದಿರುತ್ತವೆ. ಕೊನೆಗೆ ಬಿಸಿಲು ಬೀಳುವ ಒಂದು ಸಣ್ಣ ಕೊಳ. ನೆಲದ ಇಳಿಜಾರು ಸಿಕ್ಕರೆ ಮೋಟಾರೇ ಬೇಡ.

ಜಾಗ ಎಷ್ಟು ಬೇಕು ಎಂದರೆ, ಜಲ್ಲಿ ಪಾತಿಗೆ ತಲೆಗೆ ಒಂದೆರಡು ಚದರ ಮೀಟರ್. ಅರವತ್ತು ಮನೆ, ಮುನ್ನೂರು ಜನ ಎಂದರೆ ಮೂರರಿಂದ ಆರು ಗುಂಟೆ. ಕಡಲಂಚಿನ ಭೂಮಿಯ ಬೆಲೆ ಗೊತ್ತಿದ್ದವರು ಇಲ್ಲಿ ತಲೆ ಮೇಲೆ ಕೈ ಇಡುತ್ತಾರೆ. ಸರಿಯೇ. ಈ ಮಾದರಿಯ ದೊಡ್ಡ ತೊಡಕು ಅದೇ. ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ: ಗಾಳಿಯಾಡದ ತೊಟ್ಟಿಗಳಿಂದ ಮೀಥೇನ್ ಹೊರಡುತ್ತದೆ, ಅದು ಭೂಮಿಯ ಬಿಸಿ ಹೆಚ್ಚಿಸುವ ಅನಿಲ. ಸಣ್ಣ ಘಟಕದಲ್ಲಿ ಅದನ್ನು ಹಿಡಿದು ಉರಿಸುವುದು ಸುಲಭವಲ್ಲ.

ನಮ್ಮ ಊರಲ್ಲಿ ಎಷ್ಟು ಕೊಳಚೆ ನೀರು ಬರಬಹುದು?

ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಅದರಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿದರೆ, 3,000 ಜನರ ಊರಿಗೆ ದಿನಕ್ಕೆ 1,32,000 ಲೀಟರ್. ಆದರೆ ನಮ್ಮಲ್ಲಿ ನಳ್ಳಿಯ ಜೊತೆ ಬಾವಿಯೂ ಇದೆ, ಬಾವಿಗೆ ಪಂಪೂ ಇದೆ. ಹಾಗಾಗಿ ಸುಮ್ನೆ ಕಾಗದದ ಲೆಕ್ಕ ನಂಬದೆ, ಹತ್ತು ಮನೆಯಲ್ಲಿ ಒಂದು ವಾರ ಅಳೆದು ನೋಡಿ. ಹೋಂಸ್ಟೇ ಇದ್ದರೆ ಶನಿವಾರ, ಭಾನುವಾರದ್ದು ಬೇರೆಯೇ ಲೆಕ್ಕ.

ಅಗೆಯುವ ಕೆಲಸಕ್ಕೆ ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಮೇ ಮೊದಲ ವಾರದವರೆಗೆ. ಮೇ ಕೊನೆಗೆ ತೆರೆದ ಕಾಲುವೆ ಒಂದೂ ಇರಬಾರದು. ಜೂನ್ ಮೊದಲ ಮಳೆಗೆ ಮುರಕಲ್ಲಿನ ಕೆಂಪು ಮಣ್ಣು ಕರಗಿ ಸೀದಾ ತೋಡಿಗೆ, ಅಲ್ಲಿಂದ ಅಳಿವೆಗೆ ಹೋಗುತ್ತದೆ. ಆ ಕೆಸರು ಬಳಚಿನ (ಕಪ್ಪೆಚಿಪ್ಪಿನ) ಹಾಸಿನ ಮೇಲೆ ಕೂತರೆ ಮರಿಗಳು ಉಸಿರು ಕಟ್ಟಿ ಸಾಯುತ್ತವೆ. ಮಣ್ಣಿನ ರಾಶಿಯ ಸುತ್ತ ತೆಂಗಿನ ನಾರಿನ ಚಾಪೆ ಕಟ್ಟಿ. ಇಳಿಜಾರಿನಲ್ಲಿ ಅದನ್ನೇ ಹಾಸಿದರೆ ಹುಲ್ಲು ಹಿಡಿಯುವವರೆಗೆ ಮಣ್ಣು ನಿಲ್ಲುತ್ತದೆ. ಆಮೇಲೆ ತಾನೇ ಕೊಳೆತು ಹೋಗುತ್ತದೆ.

ಅದೇ ತಿಂಗಳುಗಳಲ್ಲಿ ಕಡಲಾಮೆಗಳೂ ಬರುತ್ತವೆ. ಹೊನ್ನಾವರದ ಕಾಸರಕೋಡ ಟೊಂಕದಂಥ ದಂಡೆಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ರಾತ್ರಿ ಹೊತ್ತು ಮೊಟ್ಟೆ ಇಡುತ್ತವೆ. ಮರಿ ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಮರಿಗಳು ಬೆಳಕು ಕಂಡ ಕಡೆ ನಡೆಯುತ್ತವೆ. ಹಾಗಾಗಿ ದಂಡೆ ಹತ್ತಿರದ ಕೆಲಸ ಹಗಲಿಗೆ ಮಾತ್ರ. ಫ್ಲಡ್‌ಲೈಟ್ ಬೇಡವೇ ಬೇಡ. ಪೈಪಿನ ರಾಶಿಯನ್ನೂ ದಂಡೆಯ ಮೇಲೆ ಹಾಕುವ ಹಾಗಿಲ್ಲ.

ಇನ್ನು ಹೊಯಿಗೆ ದಿಬ್ಬ. ಅಡುಂಬು ಬಳ್ಳಿ, ಕೇದಗೆ ಹಬ್ಬಿದ ದಿಬ್ಬವನ್ನು ಕೀಳಬೇಡಿ. ಕಡಲು ಕೊರೆಯುವಾಗ ಅಡ್ಡ ನಿಲ್ಲುವುದು ಅದೇ. ‘ಪೈಪ್ ಹಾಕಿ ಮತ್ತೆ ದಿಬ್ಬ ಮಾಡಿಕೊಡುತ್ತೇವೆ’ ಎನ್ನುತ್ತಾರೆ. ರಾಶಿ ಹಾಕಿದ ಹೊಯಿಗೆ ದಿಬ್ಬವಾಗುವುದಿಲ್ಲ. ಬೇರು ಹಿಡಿದರೆ ಮಾತ್ರ ದಿಬ್ಬ.

ಅಗೆದ ಮಣ್ಣು ಹೆಚ್ಚಾಯಿತು ಎಂದು ಅಳಿವೆ ಅಂಚಿನ ಗಜನಿ ಗದ್ದೆಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಸುರಿಯುವ ಚಾಳಿ ಇದೆ. ಅದನ್ನು ಗುತ್ತಿಗೆಯ ಕಾಗದದಲ್ಲೇ ತಡೆಯಿರಿ. ಹಾಗೆಯೇ ಕಾಂಡ್ಲಾ ಕೆಸರನ್ನು ಅಗೆಯಲೂ ಹೋಗಬೇಡಿ. ಅದರಲ್ಲಿ ಗಂಧಕ ಕಬ್ಬಿಣದ ಜೊತೆ ಸೇರಿ ತೆಪ್ಪಗೆ ಕೂತಿರುತ್ತದೆ. ಗಾಳಿಗೆ ಬಂದರೆ ಆಮ್ಲವಾಗುತ್ತದೆ. ಆ ಹುಳಿ ನೀರು ಹರಿದ ಕಡೆ ಮೀನಿಗೂ ಕಷ್ಟ, ಪೈಪಿಗೂ ಕಷ್ಟ.

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆಯಲ್ಲ, ಅನುಮತಿ ಸಿಗುತ್ತದೆಯೇ?

ಊರಿನವರಿಗೆ ಬೇಕಾದ ಒಳಚರಂಡಿ, ಚರಂಡಿ, ಕುಡಿಯುವ ನೀರಿನ ಕೆಲಸಕ್ಕೆ ಕಟ್ಟಡ ಕಟ್ಟಬಾರದ ಕಡಲಂಚಿನ ಜಾಗದಲ್ಲೂ ಅವಕಾಶ ಇದೆ. ಆದರೆ ತಾನಾಗಿ ಸಿಗುವುದಿಲ್ಲ, ಒಂದೊಂದನ್ನೂ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ನೋಡಿ ಒಪ್ಪಬೇಕು. 2019ರ ಅಧಿಸೂಚನೆಯ ಪ್ರಕಾರ ಹಳ್ಳಿಗಾಡಿನಲ್ಲಿ ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಜಾಸ್ತಿ ಇದ್ದರೆ ಆ ಜಾಗ ಉಬ್ಬರದ ಗೆರೆಯಿಂದ 50 ಮೀಟರ್. ಕಡಿಮೆ ಇದ್ದರೆ 200 ಮೀಟರ್. 1,000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾವನದ ಸುತ್ತ 50 ಮೀಟರ್ ಬಿಡಬೇಕು. ಶುದ್ಧ ಮಾಡದ ಕೊಳಚೆಯನ್ನು ಈ ವಲಯದಲ್ಲಿ ಬಿಡುವುದು ಎಲ್ಲಿಯೂ ನಿಷಿದ್ಧ.

ಅವಕಾಶ ಇದೆ ಎಂದು ಘಟಕವನ್ನು ಕಡಲ ಬಾಯಿಗೇ ಕಟ್ಟಬೇಡಿ. ಪೈಪ್ ಬೇಕಾದರೆ ಹಾಯಲಿ, ತೊಟ್ಟಿಗಳು ಒಳಗೆ ಎತ್ತರದಲ್ಲಿರಲಿ.

ಶುದ್ಧ ಮಾಡಿದ ನೀರನ್ನು ಸಮುದ್ರಕ್ಕೆ ಬಿಟ್ಟರೆ ಏನಾಗುತ್ತದೆ? ಸಮುದ್ರ ಅಷ್ಟು ದೊಡ್ಡದಲ್ವಾ?

ಸಮುದ್ರ ದೊಡ್ಡದು. ಆದರೆ ನೀವು ಬಿಡುವುದು ಸಮುದ್ರದ ನಡುವಿಗಲ್ಲ, ಮೊಣಕಾಲು ಆಳದ ದಂಡೆಗೆ ಅಥವಾ ಅಳಿವೆಗೆ. ಅಲ್ಲಿಗೆ ಬಿಟ್ಟದ್ದು ಭರತದ (ಉಬ್ಬರದ) ಜೊತೆ ವಾಪಸ್ ಒಳಗೆ ಬರುತ್ತದೆ.

ಅಘನಾಶಿನಿಯನ್ನೇ ನೋಡಿ. 2024ರಲ್ಲಿ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರಿದ ಅಳಿವೆ ಅದು. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ನೀರಿಗಿಳಿದು ಬಳಚು ಹೆಕ್ಕುತ್ತಾರೆ, ಅದರ ಮೇಲೆ ಎಷ್ಟೋ ಮನೆ ನಡೆಯುತ್ತದೆ. ಬಳಚು ಊಟ ಮಾಡುವುದೇ ನೀರನ್ನು ಸೋಸಿ. ನೀರಿನಲ್ಲಿರುವ ರೋಗಾಣುವನ್ನೂ ಹಾಗೇ ಒಟ್ಟು ಮಾಡಿಕೊಳ್ಳುತ್ತದೆ. ಹಾಗಾಗಿ ಕಣ್ಣಿಗೆ ತಿಳಿಯಾಗಿ ಕಾಣುವ ನೀರೂ ಸಾಲದು. 2017ರ ಕೇಂದ್ರದ ನಿಯಮ ಮಹಾನಗರವಲ್ಲದ ಕಡೆ ಬಿಒಡಿ (ನೀರಿನ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿ.ಗ್ರಾಂವರೆಗೆ ಇರಬಹುದು ಎಂದಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದು 10 ಇರಬೇಕು ಎಂದಿತು. ನಿಮ್ಮ ಎಂಜಿನಿಯರ್ ಯಾವ ಅಂಕಿ ಹಿಡಿದಿದ್ದಾರೆ ಎಂದು ಕೇಳಿ.

ಕ್ಲೋರಿನ್ ಹಾಕಿ ಕೈತೊಳೆದುಕೊಳ್ಳುವುದೂ ಬೇಡ. ಉಳಿದ ಕ್ಲೋರಿನ್ ಮೀನಿನ ಮರಿಗೆ ವಿಷ. ಕೊಳದಲ್ಲಿ ಕೆಲವು ದಿನ ಬಿಸಿಲಿಗೆ ನಿಲ್ಲಿಸುವುದು ಅಥವಾ ಯುವಿ ದೀಪ ಹಾಯಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಒಳ್ಳೆಯದು ತೆಂಗಿನ ತೋಟ. ಬುಡಕ್ಕೆ, ನೆಲದ ಮಟ್ಟದಲ್ಲಿ ಹನಿಸಬೇಕು. ಸ್ಪ್ರಿಂಕ್ಲರ್ ಬೇಡ, ಬಸಳೆ-ಹರಿವೆ ಪಾತಿಗೆ ಬೇಡ. ಡಿಸೆಂಬರ್‌ನಿಂದ ಮೇವರೆಗೆ ಒಂದು ಹನಿಯೂ ಹೊರಗೆ ಹೋಗದ ಹಾಗೆ ಮಾಡಬಹುದು. ಮಳೆಗಾಲದಲ್ಲಿ ತೆಂಗಿಗೆ ನೀರು ಬೇಡ. ಆಗ ತೋಡಿಗೆ ಬಿಡಲೇಬೇಕಾಗುತ್ತದೆ, ಬಳಚಿನ ಹಾಸಿಗಿಂತ ದೂರದಲ್ಲಿ.

ಮಳೆಗಾಲದಲ್ಲಿ ಇದೆಲ್ಲ ತುಂಬಿ ಹರಿಯುವುದಿಲ್ಲವೇ?

ಹರಿಯುತ್ತದೆ, ನಾವೇ ಹರಿಸಿದರೆ. ಒಂದು ಸಾವಿರ ಚದರಡಿ ಮಾಡಿನ ಮೇಲೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 9,000 ಲೀಟರಿಗೂ ಜಾಸ್ತಿ ನೀರು. ಐದು ಜನರ ಮನೆಯ ಕೊಳಚೆ ದಿನಕ್ಕೆ 220 ಲೀಟರ್. ಅಂದರೆ ಒಬ್ಬರು ಗುಟ್ಟಾಗಿ ಮಾಡಿನ ನೀರನ್ನು ಪೈಪಿಗೆ ಸೇರಿಸಿದರೆ, ನಲವತ್ತು ಹೊಸ ಮನೆ ಸೇರಿಸಿದಷ್ಟಾಯಿತು! ಅಂಗಳದ ನೀರು ನಿಂತಾಗ ಚೇಂಬರ್ ಮುಚ್ಚಳ ಎತ್ತಿಬಿಡುವವರೂ ಇದ್ದಾರೆ. ಮುಚ್ಚಳ ನೆಲಕ್ಕಿಂತ ಒಂದಡಿ ಎತ್ತರ ಇರಲಿ, ಬೋಲ್ಟ್ ಹಾಕಿರಲಿ.

ಟ್ಯಾಂಕ್ ತೇಲುತ್ತದೆ ಎಂದರೆ ನಗುತ್ತಾರೆ. ನಿಜವಾಗಿಯೂ ತೇಲುತ್ತದೆ. ಸುತ್ತ ನೀರು ಏರಿದಾಗ ಖಾಲಿ ಟ್ಯಾಂಕ್ ದೋಣಿಯೇ. ಪ್ಲಾಸ್ಟಿಕ್ ಟ್ಯಾಂಕಾದರೆ ಕಾಂಕ್ರೀಟ್ ತಳಕ್ಕೆ ಕಟ್ಟಬೇಕು. ಜೂನ್-ಆಗಸ್ಟ್‌ನಲ್ಲಿ ಯಾವ ಟ್ಯಾಂಕನ್ನೂ ಪೂರ್ತಿ ಖಾಲಿ ಮಾಡಿಸಬೇಡಿ.

ಪಂಪ್ ಇಡಲೇಬೇಕಾದರೆ, ಗಾಳಿ-ಮಳೆಗೆ ಒಂದು ದಿನ ಕರೆಂಟ್ ಹೋದರೂ ತಡೆಯುವಷ್ಟು ತೊಟ್ಟಿ ಇರಲಿ.

ವಾಸನೆ, ಸೊಳ್ಳೆ?

ಜಲ್ಲಿ ಪಾತಿಯಲ್ಲಿ ನೀರು ಜಲ್ಲಿಯ ಕೆಳಗೇ ಹರಿಯಬೇಕು. ಮೇಲೆ ಕಂಡರೆ ಪಾತಿ ಕಟ್ಟಿಕೊಂಡಿದೆ ಎಂದು ಅರ್ಥ. ಕೊಳದಲ್ಲಿ ಸೊಳ್ಳೆ ಮರಿ ತಿನ್ನುವ ಊರ ಮೀನು ಬಿಡಿ. ವಾಸನೆ ಬಂದರೆ ಮುಚ್ಚಳ, ಗಾಳಿ ಕೊಳವೆ ನೋಡಿ.

ಮೀನು ತೊಳೆದ ನೀರನ್ನೂ ಇದಕ್ಕೇ ಬಿಡಬಹುದೇ?

ಮನೆಯ ಅಡುಗೆಗೆ ತೊಳೆದದ್ದು ಪರವಾಗಿಲ್ಲ. ಮೀನು ಮಾರ್ಕೆಟ್, ಶೆಟ್ಲಿ (ಸಿಗಡಿ) ಸುಲಿಯುವ ಶೆಡ್, ಉಪ್ಪುಮೀನಿನ ಕಣದ್ದು ಬೇಡ. ಅದರಲ್ಲಿ ರಕ್ತ, ಎಣ್ಣೆ, ಉಪ್ಪು ಜಾಸ್ತಿ. ಸಣ್ಣ ಘಟಕದ ಬ್ಯಾಕ್ಟೀರಿಯಾಗಳಿಗೆ ಆ ಭಾರ ತಡೆಯುವುದಿಲ್ಲ. ಅದಕ್ಕೆ ಜಾಳಿಗೆ, ಜಿಡ್ಡು ಹಿಡಿಯುವ ತೊಟ್ಟಿ ಎಲ್ಲ ಬೇರೆಯೇ ಬೇಕು. ರೆಸಾರ್ಟಿನವರು ತಮ್ಮದನ್ನು ತಾವೇ ನೋಡಿಕೊಳ್ಳಲಿ. ಊರ ಪೈಪಿಗೆ ಅವರನ್ನು ಸೇರಿಸಿಕೊಂಡರೆ ಊರಿನ ಘಟಕ ಮೊದಲ ಡಿಸೆಂಬರ್‌ಗೇ ಸೋಲುತ್ತದೆ.

ಟ್ಯಾಂಕಿನ ಕೆಸರು ಎಲ್ಲಿಗೆ ಹೋಗುತ್ತದೆ?

ಸಣ್ಣ ಪೈಪಿನ ವ್ಯವಸ್ಥೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಎರಡು ಮೂರು ವರ್ಷಕ್ಕೊಮ್ಮೆ ತೆಗೆಯದಿದ್ದರೆ ಕೆಸರು ಪೈಪಿಗೆ ಬಂದು ಎಲ್ಲ ಕಟ್ಟುತ್ತದೆ. ತೆಗೆದದ್ದನ್ನು ರಾತ್ರಿ ಹೊತ್ತು ಹೊಳೆಗೆ ಸುರಿದರೆ ಇಷ್ಟೆಲ್ಲ ಕಟ್ಟಿದ್ದು ದಂಡ.

ದೇವನಹಳ್ಳಿಯಲ್ಲಿ 2015ರಿಂದ ಇಂಥ ಕೆಸರನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಇದೆ. ಹಲವು ಪಂಚಾಯತಿ ಸೇರಿ ಅಂಥದ್ದೊಂದನ್ನು ಮಾಡಿಕೊಳ್ಳಬಹುದು. ಆದರೆ ಬಯಲುಸೀಮೆಯ ನಕ್ಷೆಯನ್ನು ಹಾಗೇ ಇಳಿಸಬೇಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮಳೆ ಬೀಳುವಲ್ಲಿ ಒಣಗಿಸುವ ಕಣಕ್ಕೆ ಮಾಡು ಬೇಕೇ ಬೇಕು. ಜಂತುಹುಳದ ಮೊಟ್ಟೆ ಸುಲಭಕ್ಕೆ ಸಾಯುವುದಿಲ್ಲ. ಕಾಂಪೋಸ್ಟ್ ಬಿಸಿ ಏರಿ ಹಣ್ಣಾದ ಮೇಲೆಯೇ ತೋಟಕ್ಕೆ.

ಟ್ಯಾಂಕಿಗೆ, ಚೇಂಬರಿಗೆ ಮನುಷ್ಯರನ್ನು ಇಳಿಸುವ ಹಾಗಿಲ್ಲ. ಸುರಕ್ಷಾ ಸಾಧನ ಕೊಡದೆ ಇಳಿಸುವುದನ್ನು 2013ರ ಕಾನೂನು ಅಪರಾಧ ಎನ್ನುತ್ತದೆ. ಸತ್ತರೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಐದು ನಿಮಿಷದ ಕೆಲಸ’ ಎನ್ನುವ ಗುತ್ತಿಗೆದಾರರನ್ನು ಅಲ್ಲೇ ನಿಲ್ಲಿಸಿ. ಸಕ್ಕಿಂಗ್ ಗಾಡಿಯ ಪೈಪ್ ಮುಟ್ಟುವ ಜಾಗದಲ್ಲೇ ಟ್ಯಾಂಕ್ ಕಟ್ಟಿಸಿ. ಕಿರಿದಾದ ಓಣಿಯ ಹಿಂದೆ ಕಟ್ಟಿಸಿ ಆಮೇಲೆ ಒದ್ದಾಡಬೇಡಿ.

ದುಡ್ಡು ಎಲ್ಲಿಂದ?

ಸ್ವಚ್ಛ ಭಾರತ್ ಗ್ರಾಮೀಣ ಎರಡನೇ ಹಂತದ 2020ರ ಮಾರ್ಗಸೂಚಿಯಲ್ಲಿ ಬೂದು ನೀರಿಗೆ, ಅಂದರೆ ಬಚ್ಚಲು-ಅಡುಗೆಮನೆ ನೀರಿಗೆ, 5,000 ಜನರವರೆಗಿನ ಊರಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 660 ರೂಪಾಯಿ ಇಟ್ಟಿದ್ದರು. 3,000 ಜನರ ಊರಿಗೆ 8.4 ಲಕ್ಷ ಆಯಿತು. ಅಷ್ಟರಲ್ಲಿ ಇಡೀ ಊರಿನ ಪೈಪ್ ಆಗುವುದಿಲ್ಲ. ಹಣಕಾಸು ಆಯೋಗದ ಅನುದಾನ, ಗ್ರಾಮೀಣ ಉದ್ಯೋಗ ಯೋಜನೆಯಲ್ಲಿ ಇಂಗುಗುಂಡಿ ಹೀಗೆ ಜೋಡಿಸಿಕೊಂಡು ಹೋಗಬೇಕು. ಬಾವಿಗೆ ಅಪಾಯ ಇರುವ ಕೇರಿಯಿಂದ ಶುರು ಮಾಡಿ. ನೋಡಿಕೊಳ್ಳುವವರ ಸಂಬಳಕ್ಕೆ ಮನೆಗೆ ತಿಂಗಳಿಗೆ ಇಷ್ಟು ಎಂದು ಉದ್ಘಾಟನೆಗೆ ಮೊದಲೇ ನಿಗದಿಯಾಗಲಿ. ಹಾರ ಹಾಕಿ ಹೋದ ಮೇಲೆ ಯಾರೂ ಕೊಡುವುದಿಲ್ಲ.

ಪೈಪ್ ಬಂದ ಮೇಲೆ ನಮ್ಮ ಹಳೇ ಗುಂಡಿಯನ್ನು ಏನು ಮಾಡಬೇಕು? ಮಳೆನೀರು ಇಂಗಿಸಲು ಬಳಸಬಹುದೇ?

ಬೇಡ. ಎಷ್ಟೋ ಜನ ಹಾಗೆ ಮಾಡಲು ಹೋಗುತ್ತಾರೆ. ಗುಂಡಿಯ ಸುತ್ತಲಿನ ಮಣ್ಣಿನಲ್ಲಿ ವರ್ಷಗಳ ಕೊಳೆ ಕೂತಿದೆ. ಮಾಡಿನ ನೀರು ಬಿಟ್ಟರೆ ಅದೆಲ್ಲ ತೊಳೆದು ಬಾವಿಗೇ ಹೋಗುತ್ತದೆ. ಗಾಡಿ ತರಿಸಿ ಕೆಸರು ತೆಗೆಸಿ, ಸುಣ್ಣ ಹಾಕಿ, ಹೊಯಿಗೆ ತುಂಬಿ, ಮೇಲೆ ಮಣ್ಣು ಮುಚ್ಚಿ. ಬಾಳೆ ನೆಡಿ. ಮಳೆನೀರಿಗೆ ಬೇರೆ ಜಾಗದಲ್ಲಿ ಬೇರೆ ಗುಂಡಿ ತೋಡಿ. ಬಾವಿಗೆ ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ನೀರು ಕುದಿಸಿಯೇ ಕುಡಿಯಿರಿ.